ಬಾಯ್ಲರ್‌ನ ಗ್ಯಾಸ್ ಒತ್ತಡ: ಯು-ಟ್ಯೂಬ್ ಓದುವಾಗ ನಾನು ಎಡವಿದ್ದು

ಎರಡನೇ ದರ್ಜೆಯ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆಗೆ ಓದುತ್ತಿದ್ದೇನೆ. ಕೆಲಸ ಮಡಿಕೇರಿ ಹತ್ತಿರದ ರೆಸಾರ್ಟೊಂದರ ಲಾಂಡ್ರಿಯಲ್ಲಿ. ಅಲ್ಲಿ ಎಲ್‌ಪಿಜಿಯಲ್ಲಿ ಉರಿಯುವ ಸಣ್ಣ ಸ್ಟೀಮ್ ಬಾಯ್ಲರ್ ಇದೆ. ಈ ವಾರ ತಲೆಗೆ ಹತ್ತಿದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಪ್ಲೇಟುಗಳು. ಬಾಯ್ಲರ್ ಪ್ಲೇಟಿನಲ್ಲಿ 10.54 ಕೆಜಿ/ಚ.ಸೆಂ.ಮೀ. ಎಂದಿದೆ. ಅದು ಉಗಿಯ ಒತ್ತಡ, ಹಳೇ ಲೆಕ್ಕದಲ್ಲಿ 150 ಪಿಎಸ್‌ಐ. ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಬರ್ನರ್ ಪ್ಲೇಟಿನಲ್ಲಿರುವ ಕನಿಷ್ಠ–ಗರಿಷ್ಠ ಮಿಲಿಬಾರ್ ಗ್ಯಾಸಿನದು. ಇನ್ನು ಗ್ಯಾಸ್ ವಾಲ್ವಿನ ಮೇಲೆ 360 ಮಿಲಿಬಾರ್ ಎಂದಿದ್ದರೆ ಅದು ವಾಲ್ವ್ ತಡೆದುಕೊಳ್ಳುವ ಮಿತಿ ಮಾತ್ರ. ‘360 ತನಕ ಏರಿಸಬಹುದು’ ಎಂದು ನಾನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಹೊಡೆದು ಹಾಕಿದ್ದೇನೆ.

ಅಂಕಿಗಳ ಗಾತ್ರ ಕಣ್ಣಿಗೆ ಕಟ್ಟಬೇಕಾದರೆ ಮನೆಯ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ನಮ್ಮಲ್ಲಿ ಟ್ಯಾಂಕ್ ಗುಡ್ಡದ ಮೇಲೆ, ನಲ್ಲಿ ಕೆಳಗೆ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್, ಅಂದರೆ 1000 ಮಿಲಿಬಾರ್. ಹಾಗಾಗಿ 10.54 ಕೆಜಿ ಉಗಿ ಎಂದರೆ 105 ಮೀಟರ್ ಮೇಲಿನ ಟ್ಯಾಂಕ್. ಅಡುಗೆಮನೆ ರೆಗ್ಯುಲೇಟರ್ ಕೊಡುವ 30 ಮಿಲಿಬಾರ್ ಬರೀ ಒಂದು ಅಡಿ ನೀರು! ಇಷ್ಟು ಸಣ್ಣ ಒತ್ತಡವನ್ನು ಉಗಿಯ ಗೇಜಿನಲ್ಲಿ ಹುಡುಕಿದರೆ ಮುಳ್ಳು ಅಲ್ಲಾಡುವುದೂ ಇಲ್ಲ. ಅದಕ್ಕೇ ಯು-ಟ್ಯೂಬ್: ‘U’ ಆಕಾರಕ್ಕೆ ಬಾಗಿಸಿ ಅರ್ಧ ನೀರು ತುಂಬಿಸಿದ ಪಾರದರ್ಶಕ ಕೊಳವೆ. ಅದರ ಒಂದು ಕಾಲಿಗೆ ಗ್ಯಾಸ್, ಇನ್ನೊಂದು ಕಾಲು ಹೊರಗಾಳಿಗೆ.

ನಾನು ಎಡವಿದ್ದು ಇಲ್ಲೇ. ಬರ್ನರಿನ ಟೆಸ್ಟ್ ನಿಪ್ಪಲ್‌ಗೆ (ಒತ್ತಡ ಅಳೆಯಲೆಂದೇ ಇರುವ ಸಣ್ಣ ಮೂತಿ) ಯು-ಟ್ಯೂಬಿನ ರಬ್ಬರ್ ಟ್ಯೂಬ್ ಸಿಕ್ಕಿಸಿದೆ. ಹೊರಗಾಳಿಗೆ ತೆರೆದ ಕಾಲಿನಲ್ಲಿ ನೀರು ಸೊನ್ನೆಯಿಂದ 15 ಸೆಂ.ಮೀ. ಏರಿತು. ಹತ್ತು ಮಿಲಿಮೀಟರ್ ನೀರಿಗೆ ಒಂದು ಮಿಲಿಬಾರ್, ಹಾಗಾದರೆ 15 ಮಿಲಿಬಾರ್. ಬರಬೇಕಿದ್ದದ್ದು 30. “ಒತ್ತಡ ಅರ್ಧವೇ ಬರ್ತಿದೆ ಅಣ್ಣ, ರೆಗ್ಯುಲೇಟರ್ ತಿರುಗಿಸ್ಲಾ?” ಎಂದೆ. ನಮ್ಮ ಹಿರಿಯ ಅಟೆಂಡೆಂಟ್ ಬಂದು ನೋಡಿ, “ಇನ್ನೊಂದು ಕಾಲು ಯಾರು ಓದೋದು ಮಾರಾಯ?” ಎಂದರು.

ಗ್ಯಾಸ್ ಒತ್ತಿದ ಕಾಲಿನಲ್ಲಿ ನೀರು 15 ಇಳಿದಿತ್ತು, ಈಚೆ 15 ಏರಿತ್ತು. ಗ್ಯಾಸ್ ಎತ್ತಿ ಹಿಡಿದಿರುವುದು ಎರಡು ಮಟ್ಟಗಳ ನಡುವಿನ ಇಡೀ 30 ಸೆಂ.ಮೀ. ನೀರನ್ನು. ಸೊನ್ನೆಯ ಗೆರೆ ಎಂಬುದು ನೀರು ಹೊರಟ ಜಾಗ, ಅಷ್ಟೇ. ಗ್ಯಾಸಿಗೆ ಆ ಗೆರೆಯ ಗೊತ್ತುಗುರಿ ಇಲ್ಲ. ನೀರು ತುಸು ಹೆಚ್ಚು ತುಂಬಿಸಿ ಸೊನ್ನೆ ತಪ್ಪಿದ್ದರೂ ವ್ಯತ್ಯಾಸ 30 ಆಗಿಯೇ ಇರುತ್ತದೆ. ಒಂದು ಕಾಲು ಸಪೂರ, ಇನ್ನೊಂದು ದಪ್ಪ ಇದ್ದರೂ ಅಷ್ಟೇ. ಏರಿಕೆ, ಇಳಿಕೆ ಬೇರೆಬೇರೆ ಆದೀತು, ಮಟ್ಟಗಳ ಅಂತರ ಬದಲಾಗದು. ಆದ್ದರಿಂದ ಕೆಳಗಿನ ಮಟ್ಟದಿಂದ ಮೇಲಿನ ಮಟ್ಟಕ್ಕೆ ನೇರ ಅಳೆಯಿರಿ. ಆವತ್ತು ರೆಗ್ಯುಲೇಟರ್ ತಿರುಗಿಸಿದ್ದರೆ ಇದ್ದ 30ನ್ನು 60 ಮಾಡುತ್ತಿದ್ದೆ. (ಅಳೆದಾದ ಮೇಲೆ ನಿಪ್ಪಲ್ ಸ್ಕ್ರೂ ಬಿಗಿದು ಸೋಪಿನ ನೀರು ಹಚ್ಚಿ ನೋಡಿ.)

ಅರವತ್ತಾದರೆ ಗ್ಯಾಸ್ ದುಪ್ಪಟ್ಟು ಹರಿಯುತ್ತದೆಯೇ? ಇಲ್ಲ, ವರ್ಗಮೂಲದ ಲೆಕ್ಕ: ಸುಮಾರು 1.41 ಪಟ್ಟು. ನನಗೆ ನೆನಪುಳಿದ ಜೋಡಿ 16 ಮತ್ತು 25. ಬರ್ನರ್ ತಲೆಯ ಒತ್ತಡ 16ರಿಂದ 25 ಮಿಲಿಬಾರ್‌ಗೆ ಏರಿದರೆ ಹರಿವು 4ರಿಂದ 5ಕ್ಕೆ ಏರುತ್ತದೆ, ಅಂದರೆ ಕಾಲುಭಾಗ ಹೆಚ್ಚು.

ಅಳೆಯುವುದು ಬೆಂಕಿ ಪೂರ್ತಿ ಉರಿಯುತ್ತಿರುವಾಗ. ಬರ್ನರ್ ನಿಂತಾಗ ಒಳಬರುವ ಲೈನಿನ ಒತ್ತಡ ಯಾವಾಗಲೂ ಚೆಂದವೇ. ಜುಲೈ ಮಳೆಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಸಿಲಿಂಡರಿನ ಎಲ್‌ಪಿಜಿ ದ್ರವ ಆವಿಯಾಗಲು ಹೊರಗಿನ ಶಾಖ ಬೇಕು, ಇಲ್ಲಿ ಆ ತಿಂಗಳು ಶಾಖವೆಲ್ಲಿ? ಜೋರಾಗಿ ಗ್ಯಾಸ್ ಎಳೆದರೆ ಸಿಲಿಂಡರ್ ಮೈ ತಣ್ಣಗಾಗುತ್ತದೆ, ಒತ್ತಡ ಕುಸಿಯುತ್ತದೆ, ಕನಿಷ್ಠ ಒತ್ತಡದ ಸ್ವಿಚ್ ಬರ್ನರನ್ನು ನಿಲ್ಲಿಸುತ್ತದೆ. ನಿಂತ ಕೂಡಲೇ ಹೋಗಿ ಅಳೆದರೆ ಲೈನಿನಲ್ಲಿ ಒತ್ತಡ ಸರಿಯಾಗಿಯೇ ಇರುತ್ತದೆ! ಪಾಪ, ಬೈಗುಳ ಸ್ವಿಚ್ಚಿಗೆ. ವೇಪರೈಸರ್ (ದ್ರವವನ್ನು ಬಿಸಿಮಾಡಿ ಆವಿಯಾಗಿಸುವ ಸಾಧನ) ಇಡುವುದು, ಇಲ್ಲವೇ ಒಟ್ಟಿಗೆ ಹೆಚ್ಚು ಸಿಲಿಂಡರ್ ಜೋಡಿಸುವುದು ಇದಕ್ಕೇ.

ಕೊನೆಗೆ ಎತ್ತರ. ಗೇಜ್ ತೋರಿಸುವುದು ಹೊರಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ನಿರಪೇಕ್ಷ ಒತ್ತಡ (ಹೊರಗಾಳಿಯದ್ದೂ ಸೇರಿದ ಒಟ್ಟು ಒತ್ತಡ) ಬೇಕಿದ್ದರೆ ಗೇಜಿನ ಅಂಕಿಗೆ ಹೊರಗಾಳಿಯ 1.013 ಬಾರ್ ಕೂಡಿಸಿ ಎಂದು ಪುಸ್ತಕದಲ್ಲಿರುತ್ತದೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದು ಸುಮಾರು 0.88. ಉಗಿಯ ಲೆಕ್ಕಕ್ಕೆ ಇದು ಲೆಕ್ಕಕ್ಕಿಲ್ಲ. ಬರ್ನರಿಗೆ ಇದೆ: ಅದೇ ಫ್ಯಾನ್ ಇಲ್ಲಿ ಮಂಗಳೂರಿಗಿಂತ ಎಂಟರಲ್ಲೊಂದು ಪಾಲು ಕಡಿಮೆ ತೂಕದ ಗಾಳಿ ಕೊಡುತ್ತದೆ, ಗ್ಯಾಸ್ ಮಾತ್ರ ಅಷ್ಟು ಕಡಿಮೆಯಾಗುವುದಿಲ್ಲ. ಹಾಗಾಗಿ ಕೆಳಗಿನ ಊರಿನ ಸೆಟ್ಟಿಂಗ್ ಇಲ್ಲಿಗೆ ತಂದರೆ ಮಿಲಿಬಾರ್ ಸರಿ ಇದ್ದೂ ಬೆಂಕಿ ಮಸಿ ಕಾರುತ್ತದೆ. ನಮ್ಮ ಬರ್ನರಿನ ಏರ್ ಡ್ಯಾಂಪರ್ (ಗಾಳಿ ಹೆಚ್ಚುಕಡಿಮೆ ಮಾಡುವ ಬಾಗಿಲು) ಮೇಲೆ ಯಾರೋ ಪೇಂಟಿನಲ್ಲಿ ಎಳೆದ ಎರಡನೇ ಗೆರೆ ಯಾಕಿದೆ ಎಂದು ನನಗೆ ಹೊಳೆದದ್ದು ಆಗಲೇ.