ಎಷ್ಟು ವಾರಕ್ಕೆ ಹುಟ್ಟಿದ?

ನನ್ನ ಮೇಜಿನ ಮೇಲೆ ಸದಾ ಒಂದು ಡಬ್ಬಿ, ನಾಲ್ಕು ಮರದ ತುಂಡು ಇರುತ್ತವೆ. ಎರಡೂವರೆ ವರ್ಷದ ಪುಟ್ಟ ಒಂದು ತುಂಡು ಎತ್ತಿಕೊಂಡ. ಡಬ್ಬಿಯ ಬಾಯಿ ಹತ್ತಿರ ಬರುತ್ತಲೇ ಕೈ ನಡುಗಿ, ಆಚೆ ದಾಟಿ ಹೋಯಿತು. ಬರುವ ಮಾತು ಎರಡೇ. ಹೆಸರು ಕರೆದರೆ ತಿರುಗಲಿಲ್ಲ.

"ಅವರಪ್ಪಾನೂ ಮೂರು ವರ್ಷಕ್ಕೇ ಮಾತಾಡಿದ್ದು, ಡಾಕ್ಟ್ರೇ" ಅಂದರು ಅಜ್ಜಿ. ಎಷ್ಟು ವಾರಕ್ಕೆ ಹುಟ್ಟಿದ ಅಂತ ಕೇಳಿದೆ. 27 ಅಂದರು ತಾಯಿ. ಮೂರು ತಿಂಗಳು ಬೇಗ ಹುಟ್ಟಿದ್ದನ್ನು ವಯಸ್ಸಿನಿಂದ ಕಳೆದರೂ ಎರಡೂಕಾಲು ವರ್ಷ. ಮಾತು ತಡವೇ. ಗುರಿ ದಾಟುವ ಕೈ, ಬೇಗ ಹುಟ್ಟಿದ್ದು, ಎರಡನ್ನೂ ಸೇರಿಸಿ ನೋಡಿದಾಗ ನನ್ನ ಅನುಮಾನ ಕಿರುಮೆದುಳಿನ ಮೇಲೆ ಹೋಯಿತು.

ಕಿರುಮೆದುಳು, ಅಂದರೆ ಸೆರೆಬೆಲ್ಲಂ, ತಲೆಯ ಹಿಂಬದಿ ಕೆಳಗೆ ಇರುತ್ತದೆ. ತೂಕದಲ್ಲಿ ಮೆದುಳಿನ ಹತ್ತನೇ ಒಂದು ಪಾಲು. ಆದರೆ ಮೆದುಳಿನ ಸುಮಾರು 8600 ಕೋಟಿ ನರಕೋಶಗಳಲ್ಲಿ 6900 ಕೋಟಿ ಇರುವುದು ಅಲ್ಲೇ! ನಾವು ಓದುವಾಗ ಇದರ ಕೆಲಸ ಮೈಯ ಸಮತೋಲ ಕಾಯುವುದು ಅಂತ ಹೇಳಿ ಮುಗಿಸಿಬಿಡುತ್ತಿದ್ದರು. ಇಲ್ಲಿ ಪೆಟ್ಟಾದವರಿಗೆ ಮಾತು, ಯೋಚನೆ, ಸಿಟ್ಟಿನ ಹತೋಟಿಯೂ ಏರುಪೇರಾಗಬಹುದು ಎಂದು 1998ರಲ್ಲಿ ಬಾಸ್ಟನ್‌ನ ನರವೈದ್ಯ ಜೆರೆಮಿ ಶ್ಮಾಮನ್ ಮತ್ತು ಜೊತೆಗಾರರು ತೋರಿಸಿದರು.

ಮಕ್ಕಳಲ್ಲಿ ಕಷ್ಟ ಇನ್ನೂ ಜಾಸ್ತಿ. ಗರ್ಭದ 24ರಿಂದ 40ನೇ ವಾರದೊಳಗೆ ಕಿರುಮೆದುಳು ಸುಮಾರು ಐದು ಪಟ್ಟು ಬೆಳೆಯುತ್ತದೆ. ಹೊರಪದರದಲ್ಲಿ ಕೋಶಗಳು ಹುಟ್ಟಿ, ಒಳಗಿಳಿದು ತಮ್ಮ ಜಾಗ ಹಿಡಿಯುತ್ತವೆ. 27 ವಾರಕ್ಕೆ ಹುಟ್ಟಿದ ಮಗುವಿಗೆ ಇದೆಲ್ಲ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ನಡೆಯಬೇಕು. ಆಗ ರಕ್ತನಾಳಗಳು ತುಂಬಾ ಎಳೆಯವು. ಒಂಚೂರು ಒಡೆದರೂ ಸೋರಿದ ರಕ್ತ ಆ ಪದರವನ್ನೇ ಕೆಡಿಸಬಹುದು. ಹೀಗೆ ಪೆಟ್ಟಾದ ಮಕ್ಕಳಲ್ಲಿ ಆಟಿಸಂ ಲಕ್ಷಣ, ಮಾತಿನ ತೊಂದರೆ ಹೆಚ್ಚು. ಹಾಗಂತ ಆಟಿಸಂಗೆಲ್ಲ ಇದೇ ಕಾರಣ ಅಂತಲ್ಲ. ಬೇಗ ಹುಟ್ಟಿ ಚೆನ್ನಾಗಿರುವ ಮಕ್ಕಳೂ ಬೇಕಾದಷ್ಟು ಇದ್ದಾರೆ.

ಪುಟ್ಟನ ಹಳೇ ತಲೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ವರದಿಯಲ್ಲಿ 'ನಾರ್ಮಲ್' ಅಂತಿತ್ತು. ಸುಳ್ಳೇನಲ್ಲ. ನೆತ್ತಿಯ ಮೆತ್ತನೆ ಜಾಗದಿಂದ ನೋಡಿದರೆ ಕಿರುಮೆದುಳು ದೂರ, ಸಣ್ಣ ರಕ್ತಸ್ರಾವ ತಪ್ಪಿಹೋಗುತ್ತದೆ. ಕಿವಿಯ ಹಿಂದೆಯೂ ಮೂಳೆಗಳ ನಡುವೆ ಒಂದು ಸಂದು ಇದೆ, ಅಲ್ಲಿ ಸ್ಕ್ಯಾನ್‌ನ ಕೈಯಲ್ಲಿ ಹಿಡಿಯುವ ಸಾಧನ (ಪ್ರೋಬ್) ಇಟ್ಟರೆ ಚೆನ್ನಾಗಿ ಕಾಣುತ್ತದೆ. ಎರಡು ನಿಮಿಷದ ಕೆಲಸ, ಯಾಕೆ ಬಿಡಬೇಕು ಅಲ್ವಾ? ಎಂಆರ್‌ಐ ಮಾಡಿಸಿದಾಗ ಪುಟ್ಟನ ಕಿರುಮೆದುಳಿನ ಒಂದು ಪಕ್ಕ ಚಿಕ್ಕದಾಗಿತ್ತು. ಸ್ಪೀಚ್ ಥೆರಪಿಯನ್ನು ವರದಿಗೆ ಕಾಯದೆ ಆ ವಾರವೇ ಶುರು ಮಾಡಿದ್ದೆವು.

ನಿಮ್ಮ ಮಗುವೂ ಬೇಗ ಹುಟ್ಟಿದ್ದರೆ ಡಾಕ್ಟರ ಹತ್ತಿರ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಅಂದರೆ ಹುಟ್ಟಿದಾಗ ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ವರದಿ, ತೆಗೆದುಕೊಂಡು ಹೋಗಿ. ಎಷ್ಟೋ ಮನೆಗಳಲ್ಲಿ ಅದು ಆಸ್ಪತ್ರೆ ಬಿಲ್ಲುಗಳ ಕಟ್ಟಿನಲ್ಲಿ ಸೇರಿಹೋಗಿರುತ್ತದೆ.