ಫಿನ್ಲಗನ್‌ನ ಕೋಟೆಗೋಡೆ ಎಲ್ಲಿ ಹೋಯಿತು?

ಕೋಟೆ ಎಂದ ಕೂಡಲೇ ಕಣ್ಣಮುಂದೆ ಬರುವುದು ಎತ್ತರದ ಗೋಡೆ, ಬುರುಜು, ಹೆಬ್ಬಾಗಿಲು. ಗೋಡೆ ದಪ್ಪವಿದ್ದಷ್ಟೂ ಒಡೆಯ ದೊಡ್ಡವನು ಎಂದು ನಾವು ಲೆಕ್ಕ ಹಾಕಿಬಿಡುತ್ತೇವೆ. ಈ ಲೆಕ್ಕ ತಪ್ಪು. ಅದು ಎಷ್ಟು ತಪ್ಪು ಎಂದು ತೋರಿಸುವ ಜಾಗ ಫಿನ್ಲಗನ್.

ಸ್ಕಾಟ್ಲೆಂಡಿನ ಪಡುವಣ ಕಡಲಲ್ಲಿ ಐಲಾ ಎಂಬ ದ್ವೀಪವಿದೆ. ಇಂಗ್ಲಿಷ್ ಕಾಗುಣಿತ ನೋಡಿ ‘ಇಸ್ಲೇ’ ಎಂದು ಓದುವವರೇ ಜಾಸ್ತಿ, ಅಲ್ಲಿನವರು ಹೇಳುವುದು ‘ಐಲಾ’. ಅದರ ಒಳನಾಡಿನಲ್ಲೊಂದು ಸಿಹಿನೀರಿನ ಸರೋವರ. ಅದರ ನಡುಗಡ್ಡೆಗಳಲ್ಲಿ ಎರಡು ಮುಖ್ಯ. ದೊಡ್ಡದರ ಹೆಸರು ಎಲನ್ ಮೋರ್, ಅಂದರೆ ದೊಡ್ಡ ದ್ವೀಪ. ಚಿಕ್ಕದು ಸಭೆಯ ನಡುಗಡ್ಡೆ. ‘ದ್ವೀಪಗಳ ಒಡೆಯರು’ ಎನಿಸಿಕೊಂಡ ಮ್ಯಾಕ್‌ಡೊನಾಲ್ಡ್ ಮನೆತನದ ನೆಲೆಯಾದ ಫಿನ್ಲಗನ್ ಇದೇ.

ಇವರು ಸಣ್ಣಪುಟ್ಟ ಪಾಳೇಗಾರರಲ್ಲ. 1408ರಲ್ಲಿ ಡೊನಾಲ್ಡ್ ಎಂಬ ಒಡೆಯ ಅಲ್ಲಿನ ನುಡಿಯಾದ ಗೇಲಿಕ್‌ನಲ್ಲೇ ಬರೆಸಿಕೊಟ್ಟ ಜಮೀನಿನ ಪತ್ರ ಇಂದಿಗೂ ಉಳಿದಿದೆ. 1462ರಲ್ಲಿ ಜಾನ್ ಎಂಬ ಒಡೆಯ ಸ್ಕಾಟ್ಲೆಂಡಿನ ರಾಜನನ್ನು ಬದಿಗಿಟ್ಟು ಇಂಗ್ಲೆಂಡಿನ 4ನೇ ಎಡ್ವರ್ಡ್ ಜೊತೆ ನೇರವಾಗಿ ಒಪ್ಪಂದ ಮಾಡಿಕೊಂಡ. ಬಡಗಣದ ಲೂಯಿಸ್ ದ್ವೀಪದ ನಾಯಕರೂ ಇವರಿಗೆ ತಲೆಬಾಗಿದವರೇ. ಆ ಲೂಯಿಸ್ ನಮಗೂ ಹೊರತಲ್ಲ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದು, ಕೈಫಿಯತ್ತುಗಳನ್ನು ಕೂಡಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲೇ.

ಇಷ್ಟು ದೊಡ್ಡವರ ನೆಲೆಯಲ್ಲಿ ಈಗ ಏನಿದೆ? ಹುಲ್ಲು, ಮನೆಗಳ ತಳಪಾಯ, ಒಂದು ಪಾಳು ಚರ್ಚು, ಕೆತ್ತನೆಯ ಗೋರಿಕಲ್ಲುಗಳು. ಸುತ್ತ ಕೋಟೆಗೋಡೆ ಇಲ್ಲ. ಗೋಡೆ ಮೊದಲಿನಿಂದಲೂ ಇರಲಿಲ್ಲವೋ, ಇದ್ದು ಹೋಯಿತೋ? 1990ರ ದಶಕದಲ್ಲಿ ಡೇವಿಡ್ ಕಾಲ್ಡ್‌ವೆಲ್ ಮತ್ತು ಸಂಗಡಿಗರು ಅಲ್ಲಿ ಅಗೆದರು. ಉತ್ತರ ಮಣ್ಣಿನಲ್ಲಿತ್ತು.

ನನಗೆ ಅತಿ ಇಷ್ಟದ ಭಾಗ ಇದು. ಮಣ್ಣಿನ ಪದರ ಓದುವುದೆಂದರೆ ಮೂಲೆಯಲ್ಲಿ ಪೇರಿಸಿಟ್ಟ ಹಳೆ ಪತ್ರಿಕೆಗಳ ಕಟ್ಟು ನೋಡಿದ ಹಾಗೆ. ಅಡಿಯಲ್ಲಿರುವುದು ಹಳೆಯದು, ಮೇಲಿನದು ಹೊಸದು. ಆದರೆ ಯಾವ ವರ್ಷದ್ದು? ಮನೆಯಲ್ಲಿ ಹಳೆ ಟ್ರಂಕಿನ ಅಡಿ ಬೂದುಬಣ್ಣದ ಹೊಸ 500ರ ನೋಟು ಸಿಕ್ಕಿತು ಅಂದುಕೊಳ್ಳಿ. ಆ ನೋಟು ಬಂದದ್ದೇ 2016ರಲ್ಲಿ. ಹಾಗಾಗಿ ಟ್ರಂಕು ಎಷ್ಟೇ ಹಳೆಯದಿರಲಿ, ಅದನ್ನು ಅಲ್ಲಿಟ್ಟದ್ದು 2016ಕ್ಕಿಂತ ಹಿಂದೆ ಅಲ್ಲ. ಪದರದಲ್ಲಿ ಸಿಗುವ ನಾಣ್ಯವೂ ಇದೇ ಕೆಲಸ ಮಾಡುತ್ತದೆ. ಅಜ್ಜಿಯ ಡಬ್ಬಿಯಲ್ಲಿ ಹಳೆ ಕಾಸೂ ಹೊಸ ಕಾಸೂ ಒಟ್ಟಿಗಿರುತ್ತವೆ, ಅಲ್ವಾ? ಅದಕ್ಕೇ ಲೆಕ್ಕಕ್ಕೆ ಹಿಡಿಯಬೇಕಾದದ್ದು ಎಲ್ಲಕ್ಕಿಂತ ಹೊಸ ಕಾಸನ್ನು.

ಮರದ ಬೇಲಿ ಕೊಳೆತುಹೋದರೂ ಗುರುತು ಬಿಡುತ್ತದೆ. ಚಪ್ಪರ ಕಿತ್ತ ಮೇಲೆ ಅಂಗಳದಲ್ಲಿ ಗೂಟದ ಗುಂಡಿಗಳು ಉಳಿಯುವುದಿಲ್ಲವೇ? ಅವುಗಳಲ್ಲಿ ತುಂಬಿಕೊಂಡ ಸಡಿಲ ಮಣ್ಣು ಸುತ್ತಲಿನ ಗಟ್ಟಿ ಮಣ್ಣಿನ ನಡುವೆ ಕಪ್ಪು ಬೊಟ್ಟಿನಂತೆ ಕಾಣುತ್ತದೆ. ಅಂಥ ಗುರುತುಗಳನ್ನು ಸಾಲಾಗಿ ಜೋಡಿಸಿದರೆ ಬೇಲಿಯೇ ಎದ್ದು ನಿಲ್ಲುತ್ತದೆ. ನಿಧಿಯ ಆಸೆಗೆ ರಾತ್ರೋರಾತ್ರಿ ಗುಂಡಿ ತೋಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಪುಸ್ತಕದ ಮಧ್ಯದ ನೂರು ಹಾಳೆ ಹರಿದು ಎಸೆದ ಹಾಗೆ ಅದು. ಕದ್ದ ಚಿನ್ನ ಎಂದಾದರೂ ವಾಪಸ್ ಸಿಗಬಹುದು, ಕಲಸಿಹೋದ ಪದರ ಮತ್ತೆ ಕೂಡುವುದಿಲ್ಲ.

ಫಿನ್ಲಗನ್‌ನ ಪದರಗಳು ಹೇಳಿದ್ದು ಇದು. ಸಭೆಯ ನಡುಗಡ್ಡೆಯಲ್ಲಿ ತೀರಾ ಹಳೆಯ ಕಲ್ಲುಕೋಟೆಯೊಂದರ ಅವಶೇಷ. ಅದರ ಮೇಲೆ 12–13ನೇ ಶತಮಾನದ ಹೊತ್ತಿನ ಕಲ್ಲಿನ ಗೋಪುರ. ಅದೂ ಉರುಳಿದ ಮೇಲೆ ಅಲ್ಲೇ ಎದ್ದದ್ದು ಬರೀ ಮೂರು ಕಟ್ಟಡ. ಎಲನ್ ಮೋರ್‌ಗೂ ಒಂದು ಕಾಲಕ್ಕೆ ಮರದ ಬೇಲಿಯಿತ್ತು. ಒಡೆಯರ ಶಕ್ತಿ ತುತ್ತತುದಿ ಮುಟ್ಟಿದ 14–15ನೇ ಶತಮಾನದಲ್ಲಿ ಅಲ್ಲಿ ಇದ್ದದ್ದು ದೊಡ್ಡ ಹಜಾರ, ಚರ್ಚು, ಮನೆಗಳು, ಅವುಗಳ ನಡುವೆ ಕಲ್ಲು ಹಾಸಿದ ದಾರಿ. ಕಾವಲುಗೋಡೆ ಬೇಡವಾಗಿತ್ತು!

ಯಾಕೆ ಬೇಡವಾಯಿತು? ನನ್ನ ಪ್ರಕಾರ, ಇವರ ನಿಜವಾದ ಗೋಡೆ ಕಡಲಿನಲ್ಲಿತ್ತು. ಹುಟ್ಟು ಹಾಕಿ, ಹಾಯಿ ಬಿಚ್ಚಿ ಓಡಿಸುವ ಉದ್ದನೆಯ ದೋಣಿಗಳೇ ಇವರ ಬಲ. ಐಲಾದ ತೆಂಕಣ ದಡದಲ್ಲಿ ಡನಿವೇಗ್ ಎಂಬ ಕೋಟೆಯೂ ಇತ್ತು. ಹಗೆ ಒಳನಾಡಿನ ಸರೋವರಕ್ಕೆ ಬರಬೇಕಾದರೆ ಮೊದಲು ಇವನ್ನೆಲ್ಲ ದಾಟಬೇಕು. ಫಿನ್ಲಗನ್ ಇದ್ದದ್ದು ಯುದ್ಧಕ್ಕಲ್ಲ, ಸೇರುವುದಕ್ಕೆ. 1549ರಲ್ಲಿ ಇಲ್ಲಿನ ದ್ವೀಪಗಳ ಬಗ್ಗೆ ಬರೆದ ಪಾದ್ರಿ ಡೊನಾಲ್ಡ್ ಮನ್ರೋ, 14 ಜನರ ಸಭೆ ಇಲ್ಲಿ ಕೂತು ನ್ಯಾಯ ಹೇಳುತ್ತಿತ್ತು ಎನ್ನುತ್ತಾನೆ. ಹೊಸ ಒಡೆಯ ಬಿಳಿ ಬಟ್ಟೆಯುಟ್ಟು, ಕಲ್ಲಿನಲ್ಲಿ ಕೊರೆದ ಹೆಜ್ಜೆಗುರುತಿನೊಳಗೆ ಕಾಲಿಟ್ಟು ಅಧಿಕಾರ ಪಡೆಯುತ್ತಿದ್ದ ಎಂದು 17ನೇ ಶತಮಾನದ ಬರಹವೊಂದು ವಿವರಿಸುತ್ತದೆ.

1493ರಲ್ಲಿ ಸ್ಕಾಟ್ಲೆಂಡಿನ 4ನೇ ಜೇಮ್ಸ್ ಕಾಲದಲ್ಲಿ ಜಾನ್ ತನ್ನ ಪಟ್ಟವನ್ನೂ ಜಮೀನನ್ನೂ ಕಳೆದುಕೊಂಡ. ಅದರ ಆಸುಪಾಸಿನಲ್ಲೇ ಎಲನ್ ಮೋರ್‌ನ ಕಟ್ಟಡಗಳು ಹಾಳಾದವು. ಅವುಗಳ ಮೇಲಿನ ಪದರದಲ್ಲಿ ರೈತರ ಪುಟ್ಟ ಮನೆಗಳಿವೆ.