‘ಸೆಟಲ್ಡ್’ ಅಂದರೆ ಸಾಲ ತೀರಿತು ಅಂತಲ್ಲ

ನಮ್ಮ ಮಾತಿನಲ್ಲಿ ‘ಸೆಟ್ಲ್’ ಒಳ್ಳೆಯ ಪದ. ಮಗ ಸೆಟ್ಲ್ ಆದ ಅಂದರೆ ಕೆಲಸ ಸಿಕ್ಕಿತು, ಮದುವೆ ಆಯಿತು, ಇನ್ನು ಚಿಂತೆ ಇಲ್ಲ ಎಂದು. ಜಗಳ ಸೆಟ್ಲ್ ಆಯ್ತು ಅಂದರೆ ಎರಡೂ ಕಡೆಯವರು ಒಪ್ಪಿಕೊಂಡು ಎದ್ದರು ಎಂದು. ಆದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಎಂದು ತೋರಿಸುವ ಸಿಬಿಲ್ ರಿಪೋರ್ಟಿನಲ್ಲಿ ನಿಮ್ಮ ಸಾಲದ ಮುಂದೆ ‘ಸೆಟಲ್ಡ್’ ಎಂದು ಬಂದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ. ಸಾಲ ಪೂರ್ತಿ ತೀರಲಿಲ್ಲ, ಬಂದಷ್ಟು ಬರಲಿ ಎಂದು ಬ್ಯಾಂಕು ಉಳಿದದ್ದನ್ನು ಕೈಬಿಟ್ಟಿತು ಎಂಬುದೇ ಅಲ್ಲಿ ಅದರ ಅರ್ಥ.

ಈ ವ್ಯತ್ಯಾಸ ನನಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನನ್ನ ಚಿಕ್ಕಮ್ಮನ ಮಗನಿಂದ. ಕೆಲಸ ಹೋದ ಸಮಯದಲ್ಲಿ ಅವನ ಕ್ರೆಡಿಟ್ ಕಾರ್ಡ್ ಬಾಕಿ ಬೆಳೆದು 80,000 ರೂಪಾಯಿ ಆಗಿತ್ತು. ದಿನವಿಡೀ ಫೋನು. ಅವನಿಗೆ ಮಾತ್ರ ಅಲ್ಲ, ಚಿಕ್ಕಮ್ಮನಿಗೂ. ಒಂದು ದಿನ ವಸೂಲಿಯವನೊಬ್ಬ ಬಹಳ ಮೆತ್ತಗೆ ಮಾತಾಡಿದ. ‘35,000 ಕಟ್ಟಿಬಿಡಿ ಸಾರ್, ಇವತ್ತೇ ಸೆಟ್ಲ್ ಮಾಡಿಬಿಡೋಣ, ಆಮೇಲೆ ನಿಮಗೂ ನಮಗೂ ಸಂಬಂಧ ಇಲ್ಲ.’ ಅವನು ಅಕ್ಕನ ಹತ್ತಿರ ದುಡ್ಡು ತಗೊಂಡು ಕಟ್ಟಿದ. ಫೋನು ನಿಂತಿತು. ಮನೆಯವರೆಲ್ಲ ಉಸಿರು ಬಿಟ್ಟರು. ಎರಡು ವರ್ಷ ಬಿಟ್ಟು ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಅದು ವಾಪಸ್ ಬಂತು. ರಿಪೋರ್ಟ್ ತೆಗೆಸಿ ನೋಡಿದರೆ ಆ ಹಳೇ ಕಾರ್ಡಿನ ಮುಂದೆ ಇದೇ ಪದ.

ಹಾಗಾದರೆ ಪೂರ್ತಿ ತೀರಿದ ಸಾಲಕ್ಕೆ ಏನೆಂದು ಬರೆಯುತ್ತಾರೆ? ‘ಕ್ಲೋಸ್ಡ್’ ಎಂದು. ಅಸಲು, ಬಡ್ಡಿ, ದಂಡ ಎಲ್ಲ ಕಟ್ಟಿ ಲೆಕ್ಕ ಚುಕ್ತಾ ಆದರೆ ಅದು ಕ್ಲೋಸ್ಡ್. 80,000ದಲ್ಲಿ 35,000 ತಗೊಂಡು 45,000 ಬಿಟ್ಟುಕೊಟ್ಟರೆ ಅದು ಸೆಟಲ್ಡ್. ಬ್ಯಾಂಕಿನವರು ಇದನ್ನು ಓಟಿಎಸ್, ಅಂದರೆ ಒನ್ ಟೈಮ್ ಸೆಟಲ್‌ಮೆಂಟ್ ಎನ್ನುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ ರಾಜಿ. ರಾಜಿಯಲ್ಲಿ ತಪ್ಪೇನಿಲ್ಲ. ಆಸ್ಪತ್ರೆ ಖರ್ಚಲ್ಲಿ, ಕೆಲಸ ಹೋದಾಗ, ನಿಜಕ್ಕೂ ಪೂರ್ತಿ ಕಟ್ಟಲು ಆಗದಿದ್ದಾಗ ಅದೊಂದು ದಾರಿ. ಆದರೆ ಮುಂದೆ ಸಾಲ ಕೊಡುವವರಿಗೆ ಆ ಪದ ಹೇಳುವುದು ಇಷ್ಟು: ಈ ಮನುಷ್ಯನಿಗೆ ಕೊಟ್ಟದ್ದರಲ್ಲಿ ಒಂದು ಪಾಲು ವಾಪಸ್ ಬರಲಿಲ್ಲ. 2023ರ ಜೂನ್ 8ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಕೃಷಿ ಸಾಲ ಬಿಟ್ಟು ಬೇರೆ ಸಾಲದಲ್ಲಿ ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ.

ಇದರ ಪಕ್ಕದಲ್ಲೇ ಬರುವ ಇನ್ನೊಂದು ಪದ ‘ರಿಟನ್ ಆಫ್’. ಇದು ಸೆಟಲ್ಡ್‌ಗಿಂತಲೂ ಕೆಟ್ಟದ್ದು. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಬಿದ್ದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಅಲ್ಲಿಂದ ಮುಂದೆಯೂ ಬರದಿದ್ದರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ಅದನ್ನು ತೆಗೆದು ನಷ್ಟಕ್ಕೆ ಬರೆದುಕೊಳ್ಳುತ್ತದೆ. ಇದನ್ನೇ ಎಷ್ಟೋ ಜನ ಸಾಲ ಮನ್ನಾ ಅಂದುಕೊಳ್ಳುತ್ತಾರೆ. ಎರಡೂ ಒಂದೇ ಅಲ್ಲ. ಮನ್ನಾ ಆದರೆ ಕಟ್ಟಬೇಕಾಗಿಲ್ಲ. ರೈಟ್ ಆಫ್ ಆದರೆ ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಸಾಲ ಹೋಯಿತು, ನಿಮ್ಮ ತಲೆ ಮೇಲಿಂದ ಹೋಗಿಲ್ಲ. ವಸೂಲಿ ಮುಂದುವರಿಯುತ್ತದೆ, ಕೇಸೂ ಹಾಕಬಹುದು.

ಇನ್ನು ಈ ರಿಪೋರ್ಟಿನ ವಿಷಯ. ಸಿಬಿಲ್ ಅನ್ನುವುದು ಸ್ಕೋರಿನ, ಅಂದರೆ ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕದ ಹೆಸರಲ್ಲ, ಕಂಪನಿಯ ಹೆಸರು. 2000ದಲ್ಲಿ ಶುರುವಾಯಿತು, ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್. ಅದರ ಜೊತೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ಇನ್ನೂ ಮೂರು ಇವೆ. ಬ್ಯಾಂಕುಗಳು ನಾಲ್ಕಕ್ಕೂ ನಿಮ್ಮ ಲೆಕ್ಕ ಕಳಿಸುತ್ತವೆ. ಹಾಗಾಗಿ ಒಂದು ಕಡೆ ಸರಿಯಿದ್ದದ್ದು ಇನ್ನೊಂದು ಕಡೆ ತಪ್ಪಿರಬಹುದು. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಬಿಟ್ಟಿ ಕೊಡಲೇಬೇಕು. 2017ರಿಂದ ಈ ನಿಯಮ ಇದೆ. ನಮ್ಮ ರಿಪೋರ್ಟ್ ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಇಳಿಯುತ್ತದೆ ಎಂದು ಹೆದರಿ ನೋಡದೇ ಕೂತವರು ಬಹಳ ಜನ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ರಿಪೋರ್ಟ್ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು 300ರಿಂದ 900ರ ನಡುವಿನ ಆ ಸ್ಕೋರಿಗೆ ಹೋಗುತ್ತದೆ. ಅದನ್ನು ಸ್ವಲ್ಪ ಹೊತ್ತು ಬಿಡಿ. ಒಂದೊಂದು ಸಾಲದ ಕೆಳಗೂ ತಿಂಗಳು ತಿಂಗಳ ಸಣ್ಣ ಚೌಕಗಳ ಸಾಲು ಇರುತ್ತದೆ, 36 ತಿಂಗಳವರೆಗೆ. ‘000’ ಅಂದರೆ ಆ ತಿಂಗಳು ಬಾಕಿ ಇರಲಿಲ್ಲ. ‘060’ ಅಂದರೆ 60 ದಿನ ತಡ. ‘ಎಕ್ಸ್ ಎಕ್ಸ್ ಎಕ್ಸ್’ ಇದ್ದರೆ ಗಾಬರಿ ಬೇಡ, ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳಿಸಿಲ್ಲ ಅಷ್ಟೇ. ಸೆಟಲ್ಡ್, ರಿಟನ್ ಆಫ್ ಎಂಬ ಪದಗಳೂ ಅಲ್ಲೇ, ಆ ಸಾಲದ ವಿವರದಲ್ಲೇ ಇರುತ್ತವೆ. ನೀವು ಯಾರಿಗಾದರೂ ಜಾಮೀನು ನಿಂತಿದ್ದರೆ ಆ ಸಾಲವೂ ನಿಮ್ಮ ರಿಪೋರ್ಟಿನಲ್ಲಿ ಇರುತ್ತದೆ.

ವಸೂಲಿಯವರ ವಿಷಯಕ್ಕೆ ಬರುತ್ತೇನೆ. ಸೆಟ್ಲ್ ಅನ್ನುವ ಪದ ನಮ್ಮ ಕಿವಿಗೆ ಮೊದಲು ಬೀಳುವುದು ಅವರ ಬಾಯಿಂದಲೇ ಅಲ್ವಾ? ಹೆದರಿಕೆಯಲ್ಲಿರುವ ಮನುಷ್ಯ ಆಗ ಪದದ ಅರ್ಥ ಕೇಳುವುದಿಲ್ಲ, ಫೋನು ನಿಂತರೆ ಸಾಕು ಅನಿಸಿರುತ್ತದೆ. ಅದಕ್ಕೇ ಹೆದರಿಕೆ ಮೊದಲು ಇಳಿಯಬೇಕು. ಸಾಲ ಕಟ್ಟಲು ಆಗದಿರುವುದು ಅಪರಾಧ ಅಲ್ಲ, ಸಿವಿಲ್ ವ್ಯವಹಾರ. ನಾಳೆ ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರೆ ಎನ್ನುವುದು ಸುಮ್ನೆ ಹೆದರಿಸುವ ಮಾತು. ಚೆಕ್ ಬೌನ್ಸ್ ಮತ್ತು ಮೋಸದ ದಾಖಲೆ ಕೊಟ್ಟು ಸಾಲ ಪಡೆದ ಪ್ರಕರಣ ಬೇರೆ, ಅವು ಕ್ರಿಮಿನಲ್ ಕೇಸ್ ಆಗುತ್ತವೆ. 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಮರ್ಯಾದೆ ಕಳೆಯುವಂತಿಲ್ಲ. ಮನೆಯವರನ್ನು, ಸ್ನೇಹಿತರನ್ನು ಕಾಡುವಂತಿಲ್ಲ. ಮನೆಗೆ ಬಂದವರ ಹತ್ತಿರ ಗುರುತಿನ ಚೀಟಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಇರಬೇಕು. ಕೇಳಿ ನೋಡಿ. ಏಜೆಂಟ್ ತಪ್ಪು ಮಾಡಿದರೆ ಹೊಣೆ ಬ್ಯಾಂಕಿನದ್ದೇ. ಬ್ಯಾಂಕಿಗೆ ಬರೆದು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಯಾವ ನಂಬರಿನಿಂದ ಎಷ್ಟು ಹೊತ್ತಿಗೆ ಫೋನು ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಆಗ ಬಹಳ ಕೆಲಸಕ್ಕೆ ಬರುತ್ತದೆ.

ರಾಜಿಯ ಮಾತು ಬಂದಾಗ ಬಾಯಿಮಾತಿಗೆ ದುಡ್ಡು ಕೊಡಬೇಡಿ. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ: ಆ ಏಜೆಂಟ್ ಮುಂದಿನ ತಿಂಗಳು ಆ ಕೆಲಸದಲ್ಲೇ ಇರದೆ ಹೋಗಬಹುದು, ಬ್ಯಾಂಕು ನಮಗೆ ಗೊತ್ತೇ ಇಲ್ಲ ಅನ್ನಬಹುದು. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಬೇಕು. ಒಟ್ಟು ಬಾಕಿ ಎಷ್ಟು, ಎಷ್ಟಕ್ಕೆ ಒಪ್ಪಿದ್ದಾರೆ, ಯಾವ ತಾರೀಕಿನೊಳಗೆ ಕಟ್ಟಬೇಕು, ಕಟ್ಟಿದ ಮೇಲೆ ರಿಪೋರ್ಟಿನಲ್ಲಿ ಏನೆಂದು ಹಾಕುತ್ತಾರೆ, ಇಷ್ಟೂ ಅದರಲ್ಲಿರಬೇಕು. ದುಡ್ಡು ನೇರವಾಗಿ ನಿಮ್ಮ ಸಾಲದ ಖಾತೆಗೆ ಹೋಗಬೇಕು, ಏಜೆಂಟನ ಸ್ವಂತ ಫೋನ್ ನಂಬರಿಗೆ ಅಲ್ಲ. ಜೊತೆಗೆ ಇನ್ನೊಂದನ್ನೂ ಕೇಳಿ: ಪೂರ್ತಿ ಬಾಕಿಯನ್ನೇ ಸಣ್ಣ ಕಂತು ಮಾಡಿಕೊಡುತ್ತೀರಾ? ದಂಡ, ಬಡ್ಡಿಯಲ್ಲಿ ಸ್ವಲ್ಪ ಬಿಡುತ್ತೀರಾ? ತಡವಾದರೂ ಪೂರ್ತಿ ಕಟ್ಟಲು ಆಗುವಂತಿದ್ದರೆ ನನ್ನ ಅಭಿಪ್ರಾಯದಲ್ಲಿ ಅದೇ ಒಳ್ಳೆಯದು.

ತುಂಬಾ ಹಳೇ ಸಾಲವಾದರೆ ಒಂದು ವಿಷಯ ಗಮನಿಸಬೇಕು. 1963ರ ಕಾಲಮಿತಿ ಕಾಯ್ದೆ ಪ್ರಕಾರ ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನಿನಂಥ ಅಡಮಾನವಿಲ್ಲದ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿಯೊಳಗೆ ನೀವು ಸ್ವಲ್ಪ ದುಡ್ಡು ಕಟ್ಟಿದರೆ, ಇಲ್ಲವೇ ಸಾಲ ಇದೆ ಎಂದು ಬರೆದುಕೊಟ್ಟರೆ, ಲೆಕ್ಕ ಮತ್ತೆ ಮೊದಲಿಂದ ಶುರು. ಏನಾದರೂ ಸಹಿ ಹಾಕುವ ಮುಂಚೆ ವಕೀಲರನ್ನು ಒಮ್ಮೆ ಕೇಳಿ. ಹಾಗಂತ ಅವಧಿ ಮುಗಿದರೆ ರಿಪೋರ್ಟಿನಿಂದಲೂ ಹೋಗುತ್ತದೆ ಅಂದುಕೊಳ್ಳಬೇಡಿ. 7 ವರ್ಷಕ್ಕೆ ಎಲ್ಲ ಅಳಿಸಿಹೋಗುತ್ತದೆ ಎಂಬ ಮಾತೂ ಓಡಾಡುತ್ತದೆ. ನಿಯಮ ಹೇಳುವುದು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಎಂದು.

ಹಾಗಾದರೆ ಕೆಟ್ಟ ದಾಖಲೆ ಸರಿಯಾಗುವುದು ಹೇಗೆ? ಮೊದಲು ಅದು ತಪ್ಪೋ ನಿಜವೋ ನೋಡಿ. ಪೂರ್ತಿ ಕಟ್ಟಿದ ಸಾಲಕ್ಕೆ ಸೆಟಲ್ಡ್ ಎಂದು ಹಾಕಿದ್ದರೆ, ನಿಮ್ಮದಲ್ಲದ ಸಾಲ ನಿಮ್ಮ ಹೆಸರಲ್ಲಿದ್ದರೆ, ಅದು ತಪ್ಪು. ರಿಪೋರ್ಟ್ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕಬಹುದು, ಬ್ಯಾಂಕಿಗೂ ಬರೆಯಬಹುದು. 30 ದಿನದೊಳಗೆ ಬಗೆಹರಿಸಬೇಕು. ಅದರಲ್ಲಿ ಬ್ಯಾಂಕಿಗೆ 21 ದಿನ. ಅವಧಿ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಇದು 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ.

ದಾಖಲೆ ನಿಜವೇ ಆಗಿದ್ದರೆ ತಕರಾರಿನಿಂದ ಅದು ಹೋಗುವುದಿಲ್ಲ. ದುಡ್ಡು ಕೊಟ್ಟರೆ ವಾರದಲ್ಲಿ ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. ಬ್ಯಾಂಕು ಹೇಳದೆ ರಿಪೋರ್ಟ್ ಕಂಪನಿಯೇ ಒಂದು ಅಕ್ಷರ ಬದಲಿಸುವಂತಿಲ್ಲ, ಹೊರಗಿನವರು ಎಲ್ಲಿಂದ ಬದಲಿಸುತ್ತಾರೆ? ಇರುವ ದಾರಿ, ಬ್ಯಾಂಕಿಗೆ ಹೋಗಿ ಅವತ್ತು ಬಿಟ್ಟುಕೊಟ್ಟ ಮೊತ್ತವನ್ನು ಈಗ ಕಟ್ಟುತ್ತೇನೆ ಎಂದು ಕೇಳುವುದು. ಒಪ್ಪಿದರೆ ಕಟ್ಟಿ, ಇನ್ನು ಬಾಕಿ ಇಲ್ಲ ಎನ್ನುವ ಬೇಬಾಕಿ ಪತ್ರ ತಗೊಂಡು, ಸೆಟಲ್ಡ್ ತೆಗೆದು ಕ್ಲೋಸ್ಡ್ ಮಾಡಿ ಎಂದು ಬರೆದು ಕೊಡುವುದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಾಗಿ ತಿಂಗಳೊಂದು ಬಿಟ್ಟು ನಾಲ್ಕೂ ರಿಪೋರ್ಟ್ ತೆಗೆದು ನೋಡಬೇಕು.

ನನ್ನ ಚಿಕ್ಕಮ್ಮನ ಮಗ ಮಾಡಿದ್ದೂ ಇದನ್ನೇ. ಆ 45,000ವನ್ನು ಮೂರು ಕಂತಿನಲ್ಲಿ ಕಟ್ಟಿದ. ಪತ್ರ ಕೈಗೆ ಬರಲು ನಾಲ್ಕು ಸಲ ಬ್ರಾಂಚಿಗೆ ಓಡಾಡಿದ. ಮೂರು ಕಡೆ ಕ್ಲೋಸ್ಡ್ ಎಂದು ಬದಲಾಯಿತು. ಒಂದು ಕಡೆ ಆಗಲಿಲ್ಲ, ಅಲ್ಲಿ ಪತ್ರದ ಪ್ರತಿ ಜೊತೆಗಿಟ್ಟು ತಕರಾರು ಹಾಕಿದ ಮೇಲೆ ಆಯಿತು. ತಡವಾದ ತಿಂಗಳುಗಳ ಆ ಸಂಖ್ಯೆಗಳು ಮಾತ್ರ ಹಾಗೇ ಇವೆ. ಮನೆ ಸಾಲದ ಅರ್ಜಿಯನ್ನು ಅವನು ಇನ್ನೂ ಮತ್ತೆ ಹಾಕಿಲ್ಲ. ಒಂದು ವರ್ಷ ಎಲ್ಲ ಚೌಕದಲ್ಲೂ ‘000’ ಬರಲಿ, ಆಮೇಲೆ ಹಾಕುತ್ತೇನೆ ಅಂದಿದ್ದಾನೆ.